ಮೇಜಿನ ಮೇಲಿಟ್ಟ ಕೈ

ನನ್ನ ತಮ್ಮ ವಾಚು ರಿಪೇರಿ ಮಾಡುತ್ತಾನೆ. ಅವನ ಎಡಗೈಯ ಉಂಗುರ ಬೆರಳು ಮೇಲಿನ ಗೆಣ್ಣಿಗೇ ಮುಗಿದುಹೋಗಿದೆ. ಅಂಗಡಿಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಆಮೇಲೆ ಏನೂ ನೋಡಲಿಲ್ಲವೆಂಬಂತೆ ಗೋಡೆಯ ಗಡಿಯಾರಗಳ ಕಡೆ ತಿರುಗುತ್ತದೆ. ಪಾಪ, ಯಾವುದೋ ಮಷೀನಿಗೆ ಸಿಕ್ಕಿರಬೇಕು ಎಂದುಕೊಳ್ಳುತ್ತಾರೆ. ಸಿಕ್ಕಿದ್ದು ಮಷೀನಿಗಲ್ಲ, ಮೂರು ಜನ ಗೆಳೆಯರಿಗೆ. ಅವನನ್ನೇ ಕೇಳಿದರೆ ಹೇಳುವುದಿಲ್ಲ, ಈಗೀಗ ಅವನ ಮಾತೇ ಕಮ್ಮಿ. ನಾನು ಅವನ ಅಕ್ಕ, ಬಟ್ಟೆ ಹೊಲಿಯುವವಳು, ಬಾಯಿ ಜೋರು ಎಂದು ಇಡೀ ಬೀದಿಗೆ ಗೊತ್ತು. ಹಾಗಾಗಿ ನಾನೇ ಹೇಳುತ್ತೇನೆ.

ನಮ್ಮಿಬ್ಬರದೂ ಒಂದೇ ಅಂಗಡಿ. ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯ ಪಕ್ಕ ಅಪ್ಪನ ಮೇಜು, ಅಪ್ಪ ಹೋದ ಮೇಲೆ ತಮ್ಮನದು. ಒಳಗಿನ ಅರ್ಧದಲ್ಲಿ ನನ್ನ ಹೊಲಿಗೆ ಯಂತ್ರ, ಕತ್ತರಿಸುವ ಹಲಗೆ, ಅಳತೆ ಬರೆದ ಚೀಟಿಗಳ ದಾರ. ನಾನು ಯಂತ್ರ ತುಳಿದರೆ ಅವನ ಮೇಜು ಅದುರುತ್ತದೆ, ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು "ಅಕ್ಕಾ, ಒಂದು ನಿಮಿಷ" ಅನ್ನುತ್ತಾನೆ, ನಾನು ಕಾಲು ತೆಗೆಯುತ್ತೇನೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಚಿಕ್ಕಂದಿನಿಂದಲೂ ಅವನಿಗೊಂದು ಕಾಯಿಲೆ. ಪಕ್ಕದವರು ಆಕಳಿಸಿದರೆ ಎಲ್ಲರಿಗೂ ಆಕಳಿಕೆ ಬರುತ್ತದೆ. ಇವನಿಗೆ ಪಕ್ಕದವರು ಕುಂಟಿದರೆ ಕುಂಟು ಬರುತ್ತಿತ್ತು. ಮೂರನೇ ಕ್ಲಾಸಿನಲ್ಲಿ ಜೊತೆಗೆ ಕೂರುವ ಹುಡುಗನಿಗೆ ಹೇನಾಗಿ ತಲೆ ಬೋಳಿಸಿದರು. ಮರುದಿನ ಇವನು ಶಾಲೆಯಿಂದ ಬರುವಾಗ ಹಜಾಮರ ಅಂಗಡಿಗೆ ಹೋಗಿ, "ಅಪ್ಪ ಹೇಳಿದ್ದಾರೆ" ಎಂದು ಸುಳ್ಳು ಹೇಳಿ, ಬೋಳು ತಲೆ ಹೊತ್ತು ಮನೆಗೆ ಬಂದ. ಅಮ್ಮ ಹೌಹಾರಿದಳು. ಅಪ್ಪ ಕನ್ನಡಕ ಮೇಲೆತ್ತಿ ನೋಡಿ, "ಇವನಿಗೆ ವಾಚು ಕಲಿಸೋದು ಸುಲಭ, ಬೇಡ ಅನ್ನೋದನ್ನ ಕಲಿಸೋದು ಕಷ್ಟ" ಅಂದರು. ವಾಚು ಕಲಿಸಿದರು. ಇನ್ನೊಂದನ್ನು ಕಲಿಸುವಷ್ಟು ಆಯುಸ್ಸು ಅವರಿಗಿರಲಿಲ್ಲ.

ಕೆಲಸದಲ್ಲಿ ಮಾತ್ರ ಅವನು ಅಪ್ಪನನ್ನೂ ಮೀರಿಸಿದ. ತಲೆಗೂದಲಿಗಿಂತ ತೆಳ್ಳಗಿನ ಸುರುಳಿಯನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುವುದನ್ನು ನೋಡುತ್ತಿದ್ದರೆ ನನ್ನ ಉಸಿರೂ ನಿಲ್ಲುತ್ತಿತ್ತು. ಬೇರೆ ಯಾರೂ ಮುಟ್ಟದ ಹಳೆಯ ಕೀಲಿ ವಾಚುಗಳು ಊರಿನ ನಾನಾ ಮೂಲೆಗಳಿಂದ ಇವನ ಮೇಜಿಗೆ ಬರುತ್ತಿದ್ದವು. ಆ ಎರಡು ಕೈ ಬಿಟ್ಟರೆ ಅವನಿಗೆ ಇನ್ನೊಂದು ಬದುಕು ಗೊತ್ತಿರಲಿಲ್ಲ.

ಗೆಳೆಯರು ಸಿಕ್ಕಿದ್ದು ಬೀದಿಯ ಕೊನೆಯ ಟೀ ಅಂಗಡಿಯಲ್ಲಿ. ಪಕ್ಕದಲ್ಲೇ ಹಚ್ಚೆ ಹಾಕುವ ಅಂಗಡಿ ಇಟ್ಟವನಿಗೆ ಶಾಯಿ ಎಂದು ಹೆಸರು ಬಿದ್ದಿತ್ತು, ತನ್ನ ಹಣೆಯ ಚರ್ಮದಡಿ ಎರಡು ಸಣ್ಣ ಗಂಟುಗಳನ್ನು ಬೇಕೆಂದೇ ಕೂರಿಸಿಕೊಂಡಿದ್ದ. ಕರೆಂಟು ಕೆಲಸದವನು ಉದ್ದಕ್ಕಿದ್ದದ್ದಕ್ಕೆ ಕಂಬ. ಬೇಕರಿಯಲ್ಲಿ ಹಿಟ್ಟು ನಾದುವವನು ಬೆಣ್ಣೆ, ಮೈಯೂ ಮೆತ್ತಗೆ, ಮನಸ್ಸೂ ಮೆತ್ತಗೆ. ನನ್ನ ತಮ್ಮನಿಗೆ ಮುಳ್ಳು ಎಂದು ಹೆಸರಿಟ್ಟರು, ಗಡಿಯಾರದ ಮುಳ್ಳು. ಮೂವರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಪೊರಕೆ ಹಿಡಿದು ಓಡಿಸಿರುತ್ತಿದ್ದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಇಪ್ಪತ್ತೆರಡು ದಿನ ಸರದಿಯ ಮೇಲೆ ಅವಳ ಪಕ್ಕ ಕೂತವರು ಅವರೇ. ಅಮ್ಮನನ್ನು ಕಳೆದುಕೊಂಡ ಮೇಲೆ ತಮ್ಮನಿಗೆ ಊಟ ಮಾಡಿಸಿದವನು ಬೆಣ್ಣೆ. ನನ್ನ ಕೈಯಿಂದ ಅದು ಆಗಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಗುರುವಾರ ಸಂಜೆ ಟೀ ಅಂಗಡಿಯ ಮೇಜಿಗೆ ಸೇರುತ್ತಿದ್ದರು. ಯಾರಾದರೂ ಏನಾದರೂ ಹೊಸದು ಹೇಳಿ ಕೈಯನ್ನು ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಡಬೇಕು. ಒಪ್ಪಿದವರು ಕೈ ಇಡಬೇಕು. ಬೇಡವೆಂದರೆ ಕೈ ತೆಗೆಯಬಹುದು, ಯಾರೂ ಏನೂ ಅನ್ನುವ ಹಾಗಿಲ್ಲ. ಕೇಳುವುದಕ್ಕೆ ಎಷ್ಟು ಚೆಂದ! ಒಬ್ಬನೂ ಒಂದು ಸಲವೂ ಕೈ ತೆಗೆದದ್ದಿಲ್ಲ. ಮೊದಲು ತೋಳಿಗೆ ಹಚ್ಚೆ. ಆಮೇಲೆ ಕಿವಿಯ ತೂತು ಹಿಗ್ಗಿಸಿ ಬಟನ್ ತೂರುವಷ್ಟು ಮಾಡಿಕೊಂಡರು. ಆಮೇಲೆ ಭುಜದ ಮೇಲೆ ಕಾದ ಕಬ್ಬಿಣದ ಬರೆ. ಅದನ್ನು ನೋಡಿದ ದಿನ ನಾನು ಅವನ ಹಿಗ್ಗಿದ ಕಿವಿಯನ್ನೇ ಹಿಡಿದು ಹಿಂಡಿದೆ. "ದನಕ್ಕೆ ಬರೆ ಹಾಕ್ತಾರೆ ಕಣೋ, ಯಾರದು ಅಂತ ಗೊತ್ತಾಗ್ಲಿ ಅಂತ. ನೀನು ಯಾರ ದನ?" ಎಂದೆ. ಅವನು ನಕ್ಕ. ನೋವಾಗಿದ್ದನ್ನು ತೋರಿಸಬಾರದೆನ್ನುವುದೂ ಅವರ ಪದ್ಧತಿಯೇ.

ಮುಂದಿನದು ಕಾಂತ. ಅಕ್ಕಿಕಾಳಿನಷ್ಟು ಚಿಕ್ಕ ಅಯಸ್ಕಾಂತವನ್ನು ಬೆರಳ ತುದಿಯ ಚರ್ಮದೊಳಗೆ ಹುದುಗಿಸುವುದು. ಶಾಯಿ ಎಲ್ಲಿಂದಲೋ ತಿಳಿದು ಬಂದಿದ್ದ. ಕರೆಂಟಿನ ತಂತಿಯ ಹತ್ತಿರ ಹೋದರೆ ಬೆರಳೊಳಗೆ ಗುಂಯ್ ಎನ್ನುತ್ತದಂತೆ, ಬೇರೆ ಮನುಷ್ಯರಿಗೆ ತಿಳಿಯದ್ದು ತಿಳಿಯುತ್ತದಂತೆ. ನಾಲ್ಕು ಕೈ ಮೇಜಿನ ಮೇಲೆ ಬಿದ್ದವು. ಅದರಲ್ಲಿ ಒಂದು ಕೈ ವಾಚು ರಿಪೇರಿಯವನದು!

ಕಾಂತ ವಾಚಿಗೆ ವಿಷ. ಒಳಗಿನ ಸುರುಳಿಗೆ ಕಾಂತ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ಹುಚ್ಚುಹುಚ್ಚಾಗಿ ಮುಂದೆ ಓಡುತ್ತದೆ. ಅಪ್ಪ ಇದನ್ನು ಮೊದಲ ವಾರವೇ ಕಲಿಸಿದ್ದರು. ಇವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಎಡಗೈಯ ಉಂಗುರ ಬೆರಳಾದರೆ ಕೆಲಸಕ್ಕೆ ಅಷ್ಟೇನೂ ಬೇಕಾಗುವುದಿಲ್ಲ, ಮಡಚಿಕೊಂಡರಾಯಿತು ಎಂದು ಲೆಕ್ಕ ಹಾಕಿದ. ಹಾಲಿನ ಅಂಗಡಿಯವನು ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಹುಷಾರಾಗಿರ್ತೀನಿ ಎಂದ ಹಾಗೆ.

ಎರಡು ತಿಂಗಳಲ್ಲಿ ಗಿರಾಕಿಗಳು ವಾಪಸು ಬರತೊಡಗಿದರು. ಶಾಲೆಯ ಹೆಡ್‌ಮಿಸ್ಸು ಬಂದು, "ನೋಡ್ರೀ, ನಿಮ್ಮ ದಯೆಯಿಂದ ನಾನು ಇಪ್ಪತ್ತು ನಿಮಿಷ ಮುಂಚೆ ಬೆಲ್ ಹೊಡೆಸಿದೆ. ಮಕ್ಕಳು ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ" ಎಂದು ವಾಚನ್ನು ಮೇಜಿನ ಮೇಲಿಟ್ಟರು. ಅವನು ತಲೆ ಎತ್ತಲಿಲ್ಲ. ಅದೇ ವಾರ ನನ್ನ ಗುಂಡುಪಿನ್ನಿನ ಡಬ್ಬಿ ಎತ್ತಿ ಕೊಡು ಎಂದೆ. ಕೊಟ್ಟ. ಅವನ ಬೆರಳ ತುದಿಯಲ್ಲಿ ಮೂರು ಪಿನ್ನುಗಳು ನೆಟ್ಟಗೆ ನಿಂತಿದ್ದವು.

"ಏನೋ ಇದು?"

"ಏನಿಲ್ಲಕ್ಕ."

"ಏನಿಲ್ಲ ಅಂದ್ರೆ? ಪಿನ್ನು ನಿನ್ನ ಮುಖ ನೋಡಿ ಎದ್ದು ನಿಂತಿದಾವಾ?"

ಎಲ್ಲ ಬಾಯಿಬಿಡಿಸಿದೆ. ಬಯ್ದೆ. ಬಾಯಿಗೆ ಬಂದದ್ದೆಲ್ಲ ಬಯ್ದೆ. ಇವತ್ತೇ ಹೋಗಿ ತೆಗೆಸಿಕೋ ಅಂದೆ. ಅವನು ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಾ, "ನಾನೊಬ್ಬನೇ ತೆಗೆಸಿದ್ರೆ ಚೆನ್ನಾಗಿರಲ್ಲಕ್ಕ. ಬೇರೆ ಯಾರಾದ್ರೂ ಮೊದಲು ತೆಗೆಸ್ಲಿ" ಅಂದ. ಅವರು ನಾಲ್ವರೂ ಸಿಕ್ಕಾಗ ಕೈ ಕುಲುಕುತ್ತಿರಲಿಲ್ಲ. ಬೆರಳ ತುದಿಯನ್ನು ಬೆರಳ ತುದಿಯ ಹತ್ತಿರ ತರುತ್ತಿದ್ದರು, ಚರ್ಮದೊಳಗಿಂದ ಕಾಂತಗಳು ಒಂದನ್ನೊಂದು ಎಳೆದು ಹಿಡಿಯುತ್ತಿದ್ದವು. ಅದನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ.

ಆರನೇ ತಿಂಗಳಿಗೆ ಬೆರಳು ಊದಿತು. ಪ್ಲಾಸ್ಟರ್ ಸುತ್ತಿಕೊಂಡು ನನ್ನಿಂದ ಮುಚ್ಚಿಟ್ಟ. ವಾಸನೆ ಬಂದಾಗಲೇ ನನಗೆ ಗೊತ್ತಾದದ್ದು. ಬಿಚ್ಚಿ ನೋಡಿದರೆ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು, "ಹದಿನೈದು ದಿನ ಮುಂಚೆ ಬಂದಿದ್ರೆ ಬೆರಳು ಉಳೀತಿತ್ತು. ಈಗ ಕೈ ಉಳಿಸೋಣ" ಅಂದರು. ಕಾಂತದ ಮೇಲಿನ ಲೇಪ ಒಡೆದು ನಂಜಾಗಿತ್ತಂತೆ. ಗೆಣ್ಣಿನವರೆಗೆ ಕತ್ತರಿಸಿದರು.

ಗಾಯ ಒಣಗಿದ ಮೇಲೆ ಅವನು ಒಂದು ವಿಚಿತ್ರ ಹೇಳಿದ. ಇಲ್ಲದ ತುದಿ ಇನ್ನೂ ಗುಂಯ್‌ಗುಡುತ್ತಿದೆ ಎಂದ. ಫ್ರಿಜ್ಜಿನ ಪಕ್ಕ ನಿಂತರೆ, ಬೀದಿಯ ತಂತಿಯ ಕೆಳಗೆ ನಡೆದರೆ, ಬೆರಳು ಮುಗಿದ ಜಾಗದಿಂದ ಮುಂದೆ, ಬರೀ ಗಾಳಿಯಲ್ಲಿ. ನಾನು ಅಲ್ಲಿ ಬಟ್ಟೆ ಹಿಡಿದು ನೋಡಿದೆ, ಪಿನ್ನು ಹಿಡಿದು ನೋಡಿದೆ. ಏನೂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ.

ಏಳು ವಾರ ಅವನು ಟೀ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಎಂಟನೇ ಗುರುವಾರ ಹೋದ. ಹೋಗುವಾಗ ಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ವಾಪಸು ಬಂದವನು ಚಪ್ಪಲಿ ಬಿಡದೆ ನನ್ನ ಹಲಗೆಯ ಎದುರು ನಿಂತ.

"ಅಕ್ಕ, ಯಾರಾದ್ರೂ ಕೇಳಿದ್ರೆ, ಬೆರಳು ನಾನೇ ತೆಗೆಸಿದ್ದು ಅನ್ನು."

"ಅಂದ್ರೆ?"

"ಬೇಕು ಅಂತ ತೆಗೆಸ್ದೆ ಅಂತ ಅವರಿಗೆ ಹೇಳಿದೀನಿ. ಉಳಿದ ಮೂರು ಜನಕ್ಕೂ ಏನೂ ಆಗಿಲ್ಲ. ನನಗೊಬ್ಬನಿಗೇ ಕೊಳೀತು ಅಂತ ಹೇಗೆ ಹೇಳ್ಲಿ? ಬಾಯಿಗೆ ಬಂದ್ಬಿಡ್ತು."

"ಅವರೇನಂದ್ರು?"

"ಏನೂ ಅನ್ಲಿಲ್ಲ. ಶಾಯಿ ನನ್ನ ಕೈ ತಿರುಗಿಸಿ ನೋಡಿದ. ಆಮೇಲೆ ಕೈ ಇಟ್ಟ. ಕಂಬ ಇಟ್ಟ. ಕೊನೆಗೆ ಬೆಣ್ಣೆನೂ ಇಟ್ಟ."

ನಾಳೆಯೇ ಹೋಗಿ ನಿಜ ಹೇಳು ಎಂದೆ. "ಹೇಳ್ತೀನಕ್ಕ, ಮುಂದಿನ ಗುರುವಾರ ಹೇಳ್ತೀನಿ. ಸುಮ್ನೆ ಮಾತಿಗೆ ಇಟ್ಟಿರ್ತಾರೆ, ಯಾರು ಬೆರಳು ಕತ್ತರಿಸ್ಕೋತಾರೆ?" ಎಂದ. ಸುಮ್ಮನೆ ಮಾತಿಗೆ ಇಟ್ಟ ಕೈಗಳು ಏನೇನು ಮಾಡಿಸಿಕೊಂಡವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಊಟಕ್ಕೆ ಕೂತ, ನಾನು ಬಡಿಸಿದೆ.

ಶನಿವಾರ ಬೆಳಿಗ್ಗೆ ಬೆಣ್ಣೆ ಬಂದ. ತಮ್ಮ ವಾಚಿನ ಬೆಲ್ಟು ತರಲು ಸಂತೆಬೀದಿಗೆ ಹೋಗಿದ್ದ. ಬೆಣ್ಣೆಯ ಮೊಣಕೈವರೆಗೂ ಹಿಟ್ಟು, ಬಗಲಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. ಅದನ್ನು ನನ್ನ ಕೈಗೆ ಕೊಟ್ಟು ತಮ್ಮನ ಸ್ಟೂಲಿನ ಮೇಲೆ ಕೂತ. ಅವನು ಕೂತರೆ ಆ ಸ್ಟೂಲು ಪೂರ್ತಿ ಕಾಣೆಯಾಗುತ್ತಿತ್ತು.

"ಅಕ್ಕ, ಮುಳ್ಳು ಅಣ್ಣನಿಗೆ ತುಂಬಾ ನೋವಾಯ್ತಾ?"

"ಯಾವಾಗ?"

"ಬೆರಳು ತೆಗೆಸ್ದಾಗ."

ಈ ಒಂದು ಗಳಿಗೆಯನ್ನು ನಾನು ಸಾವಿರ ಸಲ ಬಿಚ್ಚಿ ಹೊಲಿದಿದ್ದೇನೆ. ಬಯ್ಯುವುದಕ್ಕೆ ನನಗೆ ಇಂಥ ಕಾರಣ ಬೇಕೆಂದೇನೂ ಇಲ್ಲ. ಬಟನ್ ಕಳೆದರೂ ಬಯ್ಯುತ್ತೇನೆ, ಅಳತೆಗೆ ನೆಟ್ಟಗೆ ನಿಲ್ಲದವರನ್ನೂ ಬಯ್ಯುತ್ತೇನೆ. ಆವತ್ತು ಮಾತ್ರ ನನ್ನ ಬಾಯಿಗೆ ಏನು ಬಡಿದಿತ್ತೋ. ತಮ್ಮ ಅಷ್ಟು ಕೇಳಿಕೊಂಡಿದ್ದಾನೆ, ಅವನ ಗೆಳೆಯರ ಮುಂದೆ ನಾನೇ ಅವನ ಮಾನ ಕಳೆಯುವುದೇ, ಗುರುವಾರ ಅವನೇ ಹೇಳುತ್ತಾನಲ್ಲ ಎಂದುಕೊಂಡೆ. ಕೈಯಲ್ಲಿ ಯಾರದೋ ಮದುವೆಯ ಕೋಟು, ಸಂಜೆಗೆ ಕೊಡಬೇಕಿತ್ತು.

"ಏನಿಲ್ಲ ಕಣೋ. ಬೇಗ ವಾಸಿಯಾಯ್ತು. ಈಗ ಆರಾಮಾಗಿ ಕೆಲಸ ಮಾಡ್ತಾನೆ" ಅಂದೆ.

"ಹೌದಾ" ಎಂದ ಬೆಣ್ಣೆ. ತಮ್ಮನ ಮೇಜಿನ ಮೇಲಿದ್ದ ಚಿಮಟವನ್ನು ಎತ್ತಿ, ನೋಡಿ, ಇದ್ದಲ್ಲೇ ಇಟ್ಟು ಹೋದ. ಸ್ಟೂಲಿನ ಮೇಲೆ ಅವನ ಹಿಟ್ಟು ಉಳಿದಿತ್ತು, ಬಟ್ಟೆಯಿಂದ ಒರೆಸಿದೆ.

ಭಾನುವಾರ ಮಧ್ಯಾಹ್ನ ಹಚ್ಚೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಶಾಯಿ ಬೆಣ್ಣೆಯ ಬೆರಳು ತೆಗೆದ. ಅದೇ ಕೈ, ಅದೇ ಬೆರಳು, ಅದೇ ಗೆಣ್ಣು. ಗುರುವಾರ ಮೇಜಿಗೆ ಅವನು ಬಟ್ಟೆ ಸುತ್ತಿದ ಕೈ ಹೊತ್ತು ನಗುನಗುತ್ತಾ ಬಂದಾಗಲೇ ತಮ್ಮನಿಗೆ ವಿಷಯ ತಿಳಿದದ್ದು. ಅವನು ನಿಜ ಹೇಳಬೇಕೆಂದೇ ಹೋಗಿದ್ದ. ಆ ಕೈ ನೋಡಿದ ಮೇಲೆ ಯಾವ ಬಾಯಿಂದ ಹೇಳುವುದು? ಹೇಳದೆ ಬಂದ. ಅಷ್ಟರಲ್ಲಿ ಬೆಣ್ಣೆ ಹಿಟ್ಟು ನಾದಲು ಶುರುಮಾಡಿ ಎರಡು ದಿನವಾಗಿತ್ತು. ನೋವೆಂದು ಹೇಳಬಾರದಲ್ಲ, ಹೇಳಲಿಲ್ಲ. ಒಂಬತ್ತನೇ ದಿನ ಜ್ವರ ಬಂತು, ನಂಜು ರಕ್ತಕ್ಕೇರಿತ್ತು. ಹನ್ನೆರಡನೇ ದಿನ ಅವನು ಹೋದ. ಇಪ್ಪತ್ತಾರು ವರ್ಷ.

ಶಾಯಿಯನ್ನು ಪೊಲೀಸರು ಕರೆದುಕೊಂಡು ಹೋದರು. ಕಂಬ ಒಂದು ದಿನ ನಮ್ಮ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ, ಒಳಗೆ ಬಾ ಅಂದರೂ ಬರಲಿಲ್ಲ. ಅವನ ಕಾಂತಕ್ಕೂ ಕೀವಾಗಿ, ನಾಲ್ಕನೇ ತಿಂಗಳೇ ಗುಟ್ಟಾಗಿ ತೆಗೆಸಿಬಿಟ್ಟಿದ್ದನಂತೆ. ಬೆರಳು ಬೆರಳು ತಾಗಿಸುವಾಗ ತಾನೇ ತುದಿಯನ್ನು ಒತ್ತಿ ಹಿಡಿದು, ಕಾಂತ ಎಳೆದ ಹಾಗೆ ನಟಿಸುತ್ತಿದ್ದನಂತೆ. "ನನಗೊಬ್ಬನಿಗೇ ಹೀಗಾಯ್ತು ಅಂದ್ಕೊಂಡಿದ್ದೆ ಮುಳ್ಳು" ಅಂದ. ತಮ್ಮ ಅವನ ಮುಖವನ್ನೇ ನೋಡುತ್ತಿದ್ದ. ಒಬ್ಬರಾದರೂ ಒಂದು ಮಾತು ಆಡಿದ್ದರೆ ಸಾಕಿತ್ತು. ಯಾರಿಗೂ ಬೇಡದ್ದನ್ನು ನಾಲ್ಕು ಜನ ಸೇರಿ ಮಾಡಿಕೊಂಡಿದ್ದರು.

ಬೆಣ್ಣೆ ಹೋದ ಮೂರನೇ ವಾರದಿಂದ ತಮ್ಮನಿಗೆ ಹೊಸದು ಶುರುವಾಯಿತು. ಗುಂಯ್ ಅನ್ನುವುದು ನಿಂತಿತು. ಅದರ ಬದಲು ಎಳೆತ. ಎದುರಿಗೆ ಇನ್ನೊಂದು ಬೆರಳ ತುದಿ ಬಂದು ಹತ್ತಿರ ಹಿಡಿದ ಹಾಗೆ, ಮೆತ್ತಗೆ, ಬಿಡದೆ. ಹಗಲು ಹೊತ್ತಿನಲ್ಲೇ, ಕಿಟಕಿಯ ಬೆಳಕಿನಲ್ಲಿ, ಕೆಲಸಕ್ಕೆ ಕೂತಾಗಲೇ. ವಾಚು ಬಿಚ್ಚಿಟ್ಟುಕೊಂಡು ಇದ್ದಕ್ಕಿದ್ದಂತೆ ಎಡಗೈಯನ್ನು ನಿಧಾನವಾಗಿ ಮುಂದೆ ಚಾಚುತ್ತಿದ್ದ, ಗಿರಾಕಿ ಕೂರುವ ಖಾಲಿ ಕುರ್ಚಿಯ ಕಡೆ. ಮುಖದಲ್ಲಿ ಹೆದರಿಕೆ ಇರುತ್ತಿರಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು. ನಾನು ಯಂತ್ರ ನಿಲ್ಲಿಸಿ, "ಲೋ" ಎಂದು ಕೂಗಿದರೆ ಕೈ ಹಿಂದೆಳೆದುಕೊಳ್ಳುತ್ತಿದ್ದ. "ಅವನು ಕರೀತಿಲ್ಲಕ್ಕ. ಸುಮ್ನೆ ಹಿಡ್ಕೊಂಡಿದ್ದಾನೆ" ಎನ್ನುತ್ತಿದ್ದ. ಆ ಕುರ್ಚಿಯನ್ನು ನಾನು ಹಿಂದಕ್ಕೆ ಸಾಗಿಸಿದೆ. ಅವನು ಖಾಲಿ ಜಾಗದ ಕಡೆ ಕೈ ಚಾಚಿದ. ನನ್ನ ಸ್ಥಿತಿಯೂ ಹೆಚ್ಚುಕಮ್ಮಿ ಅಷ್ಟೇ. ಬೆಣ್ಣೆ ಕೂತಿದ್ದ ಆ ಸ್ಟೂಲಿನ ಹತ್ತಿರ ಹೋದಾಗಲೆಲ್ಲ, ಇಲ್ಲದ ಹಿಟ್ಟನ್ನು ಬಟ್ಟೆಯಿಂದ ಒರೆಸಿಬಿಡುತ್ತಿದ್ದೆ.

ಕೊನೆಗೆ ಒಂದು ದಿನ ಅವನು, "ಬೆಣ್ಣೆ ಅಮ್ಮನಿಗೆ ನಿಜ ಹೇಳ್ಬೇಕಕ್ಕ. ಇಲ್ದಿದ್ರೆ ನನ್ನ ಕೈಲಿ ಇನ್ನೊಂದು ವಾಚು ಮುಟ್ಟೋಕಾಗಲ್ಲ" ಅಂದ. ಒಬ್ಬನೇ ಹೋಗಲು ಹೆದರಿದ. ಜೊತೆಗೆ ನಾನೂ ಹೋದೆ.

ಬೆಣ್ಣೆಯ ಅಮ್ಮ ಇಸ್ತ್ರಿ ಹಾಕುವವಳು. ಬೇಕರಿಯ ಹಿಂದಿನ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ, ಗೋಡೆಯುದ್ದಕ್ಕೂ ಊರಿನವರ ಮಡಿಸಿದ ಬಟ್ಟೆ. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಕೈಯಲ್ಲಿದ್ದ ಅಂಗಿ ಮುಗಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ತಮ್ಮ ಕೈಯನ್ನು ಜೇಬಿನಿಂದ ಹೊರಗೆ ತೆಗೆದ.

"ಅಮ್ಮಾ, ಇದನ್ನ ನಾನು ಬೇಕಂತ ತೆಗೆಸಿದ್ದಲ್ಲ. ಕೊಳೆತುಹೋಗಿತ್ತು, ಡಾಕ್ಟ್ರು ಕತ್ತರಿಸಿದ್ರು. ಅವರ ಮುಂದೆ ಮರ್ಯಾದೆ ಹೋಗತ್ತೆ ಅಂತ ಸುಳ್ಳು ಹೇಳ್ದೆ. ಅವನು ನಂಬಿದ."

ಆಯಮ್ಮ ಮುಗಿಸಿದ ಅಂಗಿಯನ್ನು ಮಡಿಸಿ ಗೋಡೆಯ ಸಾಲಿನಲ್ಲಿಟ್ಟಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

"ಅವನು ನನಗೆ ಹೇಳಿದ್ದಪ್ಪ" ಅಂದಳು. "ಅಣ್ಣ ಒಬ್ಬನೇ ಆಗ್ಬಿಟ್ಟಿದ್ದಾನಮ್ಮ, ಎಲ್ಲರೂ ಅವನ ಕೈಯನ್ನೇ ನೋಡ್ತಾರೆ, ನಂದೂ ಹಾಗೇ ಇದ್ರೆ ಅವನಿಗೆ ಜೊತೆ ಇರತ್ತೆ ಅಂದ. ನಾನು ಬೇಡ ಅಂದೆ. ಅವನ ಎರಡೂ ಕೈ ಹಿಡ್ಕೊಂಡು ಬೇಡ ಅಂದೆ. ಆಗ ಅವನು, ಸರಿ, ಅಕ್ಕನ್ನ ಕೇಳ್ಕೊಂಡು ಬರ್ತೀನಿ, ಅಕ್ಕ ಬಯ್ದ್ರೆ ಬಿಟ್ಬಿಡ್ತೀನಿ ಅಂತ ಹೊರಟ. ನನಗೆ ಸಮಾಧಾನ ಆಯ್ತು. ಆಯಮ್ಮ ಬಯ್ದೇ ಬಯ್ತಾರೆ ಅಂತ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ವಾಪಸ್ ಬಂದು, ಅಕ್ಕ ಬಯ್ಯಲಿಲ್ಲಮ್ಮ ಅಂದ."

ತಮ್ಮ ನನ್ನ ಕಡೆ ತಿರುಗಿದ. ಶನಿವಾರ ಬೆಣ್ಣೆ ಬಂದಿದ್ದನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಬ್ರೆಡ್ಡು ಎಲ್ಲಿಂದ ಬಂತೆಂದು ಅವನೂ ಕೇಳಿರಲಿಲ್ಲ. ಬೆಣ್ಣೆಯ ಅಮ್ಮ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಉಳಿಸುವ ದಾರಿ ಹುಡುಕುತ್ತಿದ್ದಳು.

"ನಿಮಗೂ ಇದು ಸುಳ್ಳು ಅಂತ ಗೊತ್ತಿರಲಿಲ್ಲ, ಅಲ್ವಾ ಅಮ್ಮ?"

ಗೊತ್ತಿರಲಿಲ್ಲ ಅಂದಿದ್ದರೆ ಮೂರೂ ಜನ ನಂಬುತ್ತಿದ್ದೆವು. ತಮ್ಮನೂ ನಂಬಿದ ಹಾಗೆ ಇರುತ್ತಿದ್ದ.

"ಗೊತ್ತಿತ್ತು" ಅಂದೆ.